ಊರ ನೀರಿನ ಲೆಕ್ಕ ಊರವರ ಕೈಯಲ್ಲಿ

(ಜಾತ್ರಾ ಮಹೋತ್ಸವದ ನಿಮಿತ್ತ ಜರುಗಿದ ಉಪನ್ಯಾಸ)



ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದರು. ಇಂದಿಗೂ ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಹೋದ ಭಕ್ತರು ನೀರಿನ ನಡುವೆ ನಿಂತ ಗುಡಿಯನ್ನು ಕಂಡು ಕೈಮುಗಿಯುತ್ತಾರೆ. ಕೆರೆ ಕಟ್ಟುವುದೂ ಶಿವಪೂಜೆಯೇ ಎಂಬುದನ್ನು ಆ ಮಹಾತ್ಮರು ಆಚರಿಸಿ ತೋರಿಸಿದರು. ಕಟ್ಟಿದ ಕೆರೆಯನ್ನು ಕಾಯುವುದು ಮಾತ್ರ ಅಂದಿನಿಂದ ಇಂದಿನವರೆಗೂ ಮುಗಿಯದ ಕಾಯಕ. ಆ ಕಾಯಕ ಇಂದು ಯಾರ ಹೆಗಲ ಮೇಲಿದೆ, ಹೇಗೆ ನಡೆಯುತ್ತದೆ ಎಂಬುದನ್ನು ಹೋಟಗಿ, ಅಕ್ಕಲಕೋಟೆ ಭಾಗದ ಪ್ರತಿಯೊಬ್ಬ ಭಕ್ತನೂ ತಿಳಿದಿರುವುದು ಒಳ್ಳೆಯದು.

ಈ ಭಾಗದ್ದು ಎರೆಭೂಮಿ. ಎರೆಯ ಕೆಳಗೆ ಕರಿಕಲ್ಲಿನ ಪದರು. ಮಳೆ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರು. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಕಲ್ಲಿನ ಬಿರುಕುಗಳಲ್ಲಿ, ಮೇಲಿನ ಸವೆದ ಪದರಿನಲ್ಲಿ ನಿಂತಷ್ಟೇ ನೀರು ಬಾವಿಗೆ ಬರುತ್ತದೆ. 1972ರ ಬರಗಾಲವನ್ನು ಕಂಡ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ನೆಲದಲ್ಲಿ ಎಷ್ಟು ನೀರು ಉಳಿದಿದೆ ಎಂಬ ಲೆಕ್ಕವಿಲ್ಲದೆ ಬಾಳುವುದೆಂದರೆ ಕಣಜ ನೋಡದೆ ದಾಸೋಹಕ್ಕೆ ಕರೆದಂತೆ.

ಮಹಾರಾಷ್ಟ್ರದಲ್ಲಿ ಜಿಲ್ಲಾ ಪರಿಷತ್ತುಗಳು 1962ರ ಮೇ 1ರಂದು ಅಸ್ತಿತ್ವಕ್ಕೆ ಬಂದವು. ಜಿಲ್ಲೆಗೆ ಪರಿಷತ್ತು, ತಾಲೂಕಿಗೆ ಪಂಚಾಯತ ಸಮಿತಿ, ಊರಿಗೆ ಗ್ರಾಮ ಪಂಚಾಯತಿ ಎಂಬುದು ಇದರ ವ್ಯವಸ್ಥೆ. 1992ರ ಸಂವಿಧಾನ ತಿದ್ದುಪಡಿ ಪಂಚಾಯತಿಗಳಿಗೆ ಸೂಚಿಸಿದ 29 ವಿಷಯಗಳಲ್ಲಿ ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಮೇವು, ಉರುವಲು ಎಲ್ಲವೂ ಸೇರಿವೆ. 100 ಹೆಕ್ಟೇರುವರೆಗೆ ನೀರುಣಿಸುವ ಚಿಕ್ಕ ಕೆರೆಗಳು ಜಿಲ್ಲಾ ಪರಿಷತ್ತಿನ ಪಾಲಿಗೆ ಬರುತ್ತವೆ. ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯನ್ನು ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿತು. ಹೂಳು ಕೆರೆಗೆ ಭಾರ, ಹೊಲಕ್ಕೆ ಬಂಗಾರ ಎಂಬುದನ್ನು ಒಕ್ಕಲಿಗನು ಮೊದಲಿನಿಂದಲೂ ಬಲ್ಲ.

ಭೂಮಿಯೊಳಗಿನ ನೀರನ್ನು ಅಳೆಯುವುದು ರಾಜ್ಯದ ಭೂಜಲ ಸರ್ವೇಕ್ಷಣ ಸಂಸ್ಥೆಯ ಕೆಲಸ. ಆಯ್ದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಬರೆದುಕೊಳ್ಳುತ್ತಾರೆ. ಮಳೆಗಾಲ ಮುಗಿದ ಮೇಲಿನ ಮಟ್ಟವನ್ನು ಹಿಂದಿನ ವರ್ಷಗಳ ಮಟ್ಟಕ್ಕೆ ಹೋಲಿಸಿದರೆ ಬರುವ ಬೇಸಿಗೆಯಲ್ಲಿ ಯಾವ ಊರಿಗೆ ನೀರಿನ ತೊಂದರೆ ಬಂದೀತು ಎಂಬುದು ದೀಪಾವಳಿಯ ಹೊತ್ತಿಗೇ ತಿಳಿಯುತ್ತದೆ. 2019ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಗೆ ಆಯ್ಕೆಯಾದ ಮಹಾರಾಷ್ಟ್ರದ 13 ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಎಷ್ಟು ನೀರು ಬಂತು, ಎಷ್ಟು ಖರ್ಚಾಯಿತು ಎಂಬ ಜಮಾಖರ್ಚನ್ನು ಊರವರೇ ಬರೆಯಬೇಕೆಂಬುದು ಅದರ ತಿರುಳು.

ಕಾನೂನೂ ಉಂಟು. ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡಬಾರದೆಂದು 1993ರ ಕಾಯ್ದೆ ಹೇಳಿತು. ನಂತರದ 2009ರ ಭೂಜಲ ಕಾಯ್ದೆ, ಘೋಷಿತ ಪ್ರದೇಶಗಳಲ್ಲಿ 60 ಮೀಟರಿಗಿಂತ ಆಳದ ಬಾವಿಗೆ ತಡೆ ಹಾಕಿತು. ಆದರೆ ಬೋರು ಹಾಕುವವನು ಪರಕೀಯನಲ್ಲ. ಅಣ್ಣತಮ್ಮ, ಬೀಗ, ನೆರೆಯವ. ದೂರು ಕೊಟ್ಟರೆ ಸಂಬಂಧ ಕೆಡುತ್ತದೆ, ಸುಮ್ಮನಿದ್ದರೆ ಊರ ಬಾವಿ ಬತ್ತುತ್ತದೆ. ಒಬ್ಬನ ಕಬ್ಬು ಹಸಿರಾಗಲು ಹತ್ತು ಮನೆಯ ತಾಯಂದಿರು ಕೊಡ ಹೊತ್ತು ದೂರ ನಡೆಯಬೇಕಾದರೆ ಅದನ್ನು ಯಾವ ಧರ್ಮವೂ ಒಪ್ಪುವುದಿಲ್ಲ. ಆದ್ದರಿಂದ ಇಂಥ ಮಾತು ವೈಯಕ್ತಿಕ ದೂರಾಗದೆ ಗ್ರಾಮಸಭೆಯ ನಿರ್ಣಯವಾಗಬೇಕು. ಹತ್ತು ಜನರ ಬಾಯಿಂದ ಬಂದ ಮಾತಿಗೆ ಹಗೆ ಅಂಟುವುದು ಕಡಿಮೆ.

ಕುಡಿಯುವ ನೀರಿನ ಪರೀಕ್ಷೆಯೂ ಊರಿನಲ್ಲೇ ನಡೆಯುತ್ತದೆ. ಪಂಚಾಯತಿಯ ಜಲಸುರಕ್ಷಕನು ನಳದ ನೀರಿಗೆ ಔಷಧಿಯ ಹನಿ ಹಾಕಿ, ಬಣ್ಣ ತಿರುಗಿತೇ ಎಂದು ನೋಡಿ ಕ್ಲೋರಿನ್ ಉಳಿದಿದೆಯೇ ಎಂದು ತಿಳಿಯುತ್ತಾನೆ. ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುಂಚೆ ಮತ್ತು ನಂತರ, ನೀರಿನ ಮೂಲಗಳ ಸ್ವಚ್ಛತೆಯ ತಪಾಸಣೆಯಾಗಿ ಪಂಚಾಯತಿಗೆ ಹಸಿರು, ಹಳದಿ ಅಥವಾ ಕೆಂಪು ಕಾರ್ಡು ಬರುತ್ತದೆ. ಕೆಂಪು ಎಂದರೆ ಅಪಾಯ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ತಮ್ಮ ಊರಿಗೆ ಯಾವ ಬಣ್ಣದ ಕಾರ್ಡು ಬಂದಿದೆ ಎಂದು ಕೇಳುವ ಹಕ್ಕು ಪ್ರತಿ ಗೃಹಿಣಿಗೂ ಇದೆ.

ನೀರಿನಷ್ಟೇ ಮುಖ್ಯವಾದದ್ದು ಜೀವಸಂಪತ್ತು. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು. ಊರಿನ ಗಿಡ, ಬಳ್ಳಿ, ಹಕ್ಕಿ, ಬೀಜ, ಔಷಧಿಗಳ ನೋಂದಣಿ ಪುಸ್ತಕ ಬರೆಯಬೇಕು. ಈ ಕೆಲಸಕ್ಕೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿ 31ರ ಗಡುವು ವಿಧಿಸಿತ್ತು. ಗಡುವಿಗಾಗಿ ಬರೆದ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಊರಿಗಾಗಿ ಬರೆದದ್ದು ಉಪಯೋಗಕ್ಕೆ ಬರುತ್ತದೆ. ನಾನ್ನಜದ ಅಭಯಾರಣ್ಯವನ್ನು 1979ರಲ್ಲಿ ಘೋಷಿಸಿದ್ದು ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ ಎಂದು ಕರೆಯುವ ಹಕ್ಕಿಗಾಗಿ. ಹೆಸರಿನಲ್ಲೇ ಎರೆ ಇದ್ದ ಹಕ್ಕಿ ಇಂದು ಈ ಎರೆಯಲ್ಲಿ ಕಾಣುವುದೇ ಅಪರೂಪವಾಗಿದೆ. ಅಜ್ಜಿಯರಿಗೆ ಗೊತ್ತಿರುವ ಸೊಪ್ಪು, ನಾರುಬೇರುಗಳ ಕನ್ನಡ ಹೆಸರುಗಳು ಪುಸ್ತಕ ಸೇರದಿದ್ದರೆ ಗಿಡದ ಮೊದಲೇ ಅದರ ಹೆಸರು ಅಳಿದೀತು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಮಕ್ಕಳು, ಶಿಕ್ಷಕರು ಮನಸ್ಸು ಮಾಡಿದರೆ ಆ ಹೆಸರುಗಳನ್ನು ಮರಾಠಿ ಹೆಸರುಗಳ ಪಕ್ಕದಲ್ಲೇ ಬರೆಯಿಸಬಹುದು.

ಹೋಟಗಿಯ ಸಮೀಪ ಆಹೇರವಾಡಿ, ಫತಾಟೇವಾಡಿಗಳ ನೆಲದಲ್ಲಿ 1320 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಅದರ ಮೊದಲ ಘಟಕ 2017ರಲ್ಲಿ, ಎರಡನೆಯದು 2019ರಲ್ಲಿ ಕಾರ್ಯಾರಂಭ ಮಾಡಿದವು. ಹೊಗೆ, ಬೂದಿಗಳ ಮೇಲೆ ಕಣ್ಣಿಡುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಗ್ರಾಮ ಪಂಚಾಯತಿಯದಲ್ಲ. ಆದರೂ ಪಂಚಾಯತಿ ಕೈಕಟ್ಟಿ ಕೂಡಬೇಕಿಲ್ಲ. ದಿನಾಂಕ, ಸ್ಥಳ ಸಹಿತ ಬರೆದ ನಿರ್ಣಯವನ್ನು ಮಂಡಳಿಗೆ ಕಳಿಸಬಹುದು. ಪರಿಸರ ಅನುಮತಿಗಾಗಿ ಜನಸುನಾವಣೆ ನಡೆದಾಗ ಊರಿನ ಮಾತನ್ನು ದಾಖಲಿಸಬಹುದು.

2020ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ಆರಂಭಿಸಿದ ‘ಮಾಝಿ ವಸುಂಧರಾ’ ಅಭಿಯಾನವು ಪೃಥ್ವಿ, ಜಲ, ವಾಯು, ಅಗ್ನಿ, ಆಕಾಶವೆಂಬ ಪಂಚಭೂತಗಳ ಲೆಕ್ಕದಲ್ಲೇ ಸ್ಥಳೀಯ ಸಂಸ್ಥೆಗಳಿಗೆ ಅಂಕ ಕೊಡುತ್ತದೆ. ಪೂಜೆಯಲ್ಲಿ ನೆನೆಯುವ ಪಂಚಭೂತಗಳು ಪಂಚಾಯತಿಯ ಕಡತಕ್ಕೂ ಬಂದಿವೆ. ಹಣವೂ ಇಲ್ಲವೆಂದಲ್ಲ. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಪಂಚಾಯತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು, ಸ್ವಚ್ಛತೆಗಳಿಗೇ ಮೀಸಲಿಟ್ಟಿತು. ಅದು ಎಲ್ಲಿ ಖರ್ಚಾಯಿತೆಂದು ಕೇಳುವ ಸ್ಥಳ ಗ್ರಾಮಸಭೆ. ಜಾತ್ರೆಗೆ ಸಾವಿರ ಜನ ಕೂಡುವ ಊರಿನಲ್ಲಿ ಗ್ರಾಮಸಭೆಗೆ ಐವತ್ತು ಜನ ಕೂಡದಿದ್ದರೆ ದೋಷ ಪಂಚಾಯತಿಯದೊಂದೇ ಅಲ್ಲ.

ಜಾತ್ರೆಯೂ ಈ ಲೆಕ್ಕದಿಂದ ಹೊರಗಿಲ್ಲ. ದಾಸೋಹದ ನೀರನ್ನು ಮುಂಚಿತವಾಗಿ ಪರೀಕ್ಷಿಸಬೇಕು. ಪತ್ರಾವಳಿಯಲ್ಲಿ ಪ್ರಸಾದ ಬಡಿಸಿದರೆ ಅದು ಗೊಬ್ಬರವಾಗುತ್ತದೆ. 2018ರಲ್ಲಿ ರಾಜ್ಯವು ನಿಷೇಧಿಸಿದ ಪ್ಲಾಸ್ಟಿಕ್ ತಟ್ಟೆ, ಲೋಟಗಳು ಹಳ್ಳ ಸೇರಿ ದನದ ಹೊಟ್ಟೆಗೆ ಹೋಗುತ್ತವೆ. ಎಂಜಲು ನೀರಿಗೆ ಇಂಗುಗುಂಡಿ ತೋಡಿದರೆ ಅದು ಬೀದಿಗೆ ಹರಿಯದೆ ಭೂಮಿ ಸೇರುತ್ತದೆ.

ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆಯ ನೀರಿಗೆ ಜಾತಿಯಿಲ್ಲ, ಭಾಷೆಯಿಲ್ಲ, ಪಕ್ಷವಿಲ್ಲ. ಮಳೆ ಕೊಡುವುದು ಶಿವನ ಕೃಪೆ. ಬಿದ್ದ ಮಳೆಯ ಲೆಕ್ಕ ಇಡುವುದು ಭಕ್ತರ ಕರ್ತವ್ಯ. ಬರುವ ಗ್ರಾಮಸಭೆಗೆ ಮನೆಗೊಬ್ಬರಂತೆ ಹೋಗಿ, ಊರ ಬಾವಿಯ ಮಟ್ಟವೆಷ್ಟು, ನೀರಿನ ಕಾರ್ಡಿನ ಬಣ್ಣ ಯಾವುದು ಎಂಬ ಎರಡೇ ಪ್ರಶ್ನೆ ಕೇಳಿದರೂ ಈ ಮಹೋತ್ಸವ ಸಾರ್ಥಕವಾದಂತೆ.

ಸರ್ವರಿಗೂ ಸನ್ಮಂಗಲವಾಗಲಿ.