ಪೇಟೆಯಲ್ಲಿ ಹುಟ್ಟಿದ ತತ್ತ್ವಶಾಸ್ತ್ರ

(ಕಮರ್ಷಿಯಲ್ ಸ್ಟ್ರೀಟ್ ಸಮೀಪದ ಸಭೆಯೊಂದರಲ್ಲಿ ಪದವಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹರೂಪ)



ಈ ಸಭೆಗೆ ಬರಲು ನಾನು ಕಮರ್ಷಿಯಲ್ ಸ್ಟ್ರೀಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ದಾಟಬೇಕಾಯಿತು. ಹಾದಿಯುದ್ದಕ್ಕೂ ಅಂಗಡಿಗಳ ಬಾಗಿಲಲ್ಲಿ ನಿಂತವರು ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ನಾಲ್ಕರಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಏನು ಬೇಕು?’ ನಾನು ಏನನ್ನೂ ಕೊಳ್ಳಲಿಲ್ಲ. ಆದರೆ ಆ ಪ್ರಶ್ನೆಯನ್ನು ಮಾತ್ರ ಜೊತೆಯಲ್ಲಿ ತಂದಿದ್ದೇನೆ.

ಅಥೆನ್ಸಿನ ಸಾಕ್ರಟೀಸನ ಬಗ್ಗೆ ಒಂದು ಹಳೆಯ ಕಥೆಯಿದೆ. ಗ್ರೀಕ್ ತತ್ತ್ವಜ್ಞಾನಿಗಳ ಜೀವನಚರಿತ್ರೆಗಳನ್ನು ಬರೆದ ಡಯೋಜಿನಿಸ್ ಲಾಯರ್ಷಿಯಸ್ ಅದನ್ನು ದಾಖಲಿಸಿದ್ದಾನೆ. ಸಾಕ್ರಟೀಸ್ ಪೇಟೆಗೆ ಹೋಗಿ, ಮಾರಾಟಕ್ಕೆ ಹರಡಿದ ಸರಕಿನ ರಾಶಿಯನ್ನೆಲ್ಲ ನೋಡಿ, ತನಗೆ ಬೇಡವಾದ ವಸ್ತುಗಳು ಎಷ್ಟೊಂದಿವೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ. ಅವನೂ ‘ಏನು ಬೇಕು?’ ಎಂದೇ ಕೇಳುತ್ತಿದ್ದ. ಆದರೆ ಕೊಳ್ಳುವವನ ಹಾಗೆ ಅಲ್ಲ, ಬದುಕುವವನ ಹಾಗೆ.

ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರವನ್ನು ಓದುವುದರಿಂದ ಏನು ಪ್ರಯೋಜನ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಮೊದಲು ಒಂದು ತಪ್ಪೊಪ್ಪಿಗೆ. ನಾನು ಕಾಲೇಜಿನಲ್ಲಿದ್ದಾಗ ಗ್ರೀಕ್ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದೆ. ಥೇಲೀಸ್ ಎಂದರೆ ನೀರು, ಹೆರಾಕ್ಲಿಟಸ್ ಎಂದರೆ ಬೆಂಕಿ, ಎಂಪೆಡಾಕ್ಲೀಸ್ ಎಂದರೆ ನಾಲ್ಕು ಧಾತುಗಳು ಎಂದು ಬಾಯಿಪಾಠ ಮಾಡಿದ್ದೆ. ಆದರೆ ಪ್ಲೇಟೋನ ಒಂದು ಪುಟವನ್ನೂ ನಾನು ಆಗ ಓದಿರಲಿಲ್ಲ. ಓದಬೇಕೆಂದು ಯಾರೂ ಹೇಳಲೂ ಇಲ್ಲ. ಟಿಪ್ಪಣಿ ಸಾಕಾಗಿತ್ತು. ಉತ್ತರಗಳೆಲ್ಲ ನನಗೆ ಗೊತ್ತಿದ್ದವು; ಯಾವ ಪ್ರಶ್ನೆಗೆ ಅವು ಉತ್ತರ ಎಂಬುದು ಗೊತ್ತಿರಲಿಲ್ಲ. ನಿಮಗೂ ಹೀಗೇ ಆಗಬಾರದು ಎಂಬ ಕಾರಣಕ್ಕಾಗಿಯೇ ನಾನು ಇಂದು ಇಲ್ಲಿಗೆ ಬರಲು ಒಪ್ಪಿದೆ.

ಗ್ರೀಕ್ ತತ್ತ್ವಶಾಸ್ತ್ರ ಎಂದೊಡನೆ ಅಮೃತಶಿಲೆಯ ಕಂಬಗಳೂ ಗಡ್ಡದ ಪ್ರತಿಮೆಗಳೂ ನೆನಪಾಗುತ್ತವೆ. ನಿಜವಾಗಿ ಅದು ಬೆಳೆದದ್ದು ಪೇಟೆಯಲ್ಲಿ. ಅಥೆನ್ಸಿನ ಪೇಟೆಯ ಹೆಸರು ಅಗೋರಾ. ಸಾಕ್ರಟೀಸ್ ಸೈಮನ್ ಎಂಬ ಚಮ್ಮಾರನ ಅಂಗಡಿಗೆ ಬರುತ್ತಿದ್ದನೆಂದೂ ಅಲ್ಲಿ ನಡೆದ ಮಾತುಕತೆಯನ್ನು ಸೈಮನ್ ಬರೆದಿಡುತ್ತಿದ್ದನೆಂದೂ ಪ್ರತೀತಿ. ಕಳೆದ ಶತಮಾನದಲ್ಲಿ ಅಗೋರಾದ ಅಂಚಿನಲ್ಲಿ ಉತ್ಖನನ ಮಾಡಿದವರಿಗೆ ಒಂದು ಮನೆಯ ನೆಲದಲ್ಲಿ ಪಾದರಕ್ಷೆಯ ಸಣ್ಣ ಮೊಳೆಗಳೂ, ‘ಸೈಮನ್‌ನದು’ ಎಂದು ಕೊರೆದ ಬಟ್ಟಲಿನ ತಳವೂ ಸಿಕ್ಕವು. ಇನ್ನು ಸ್ಟೋಯಿಕ್ ಪಂಥದ ಮೂಲಪುರುಷ ಜೀನೋ ಸೈಪ್ರಸ್ ದ್ವೀಪದ ವ್ಯಾಪಾರಿ. ಹಡಗು ಒಡೆದು ಸರಕು ಕಳೆದುಕೊಂಡು ಅಥೆನ್ಸಿಗೆ ಬಂದವನು ಪುಸ್ತಕದಂಗಡಿಯೊಂದರಲ್ಲಿ ಕುಳಿತು ಸಾಕ್ರಟೀಸನ ವಿಚಾರ ಕೇಳಿದನಂತೆ; ಇಂಥವರು ಎಲ್ಲಿ ಸಿಗುತ್ತಾರೆ ಎಂದು ಅಂಗಡಿಯವನನ್ನೇ ವಿಚಾರಿಸಿದನಂತೆ. ಮುಂದೆ ಅವನು ಪಾಠ ಹೇಳಿದ್ದು ಪೇಟೆಯ ಪಕ್ಕದ ಚಿತ್ರಖಚಿತ ಜಗಲಿಯಲ್ಲಿ. ಗ್ರೀಕಿನಲ್ಲಿ ಆ ಜಗಲಿಗೆ ‘ಸ್ಟೋವಾ’ ಎಂದು ಹೆಸರು. ಸ್ಟೋಯಿಕರು ಎಂದರೆ ಜಗಲಿಯವರು, ಅಷ್ಟೆ.

ಜಗಲಿಯ ಮೇಲೆ ನಡೆಯುವ ಮಾತುಕತೆಗೂ ತತ್ತ್ವಶಾಸ್ತ್ರಕ್ಕೂ ಇರುವ ವ್ಯತ್ಯಾಸವೇನು? ಪ್ಲೇಟೋನ ‘ಲಾಖೀಸ್’ ಎಂಬ ಸಂವಾದವನ್ನು ನೋಡಿ. ಧೈರ್ಯ ಎಂದರೇನು ಎಂದು ಸಾಕ್ರಟೀಸ್ ಒಬ್ಬ ಸೇನಾಪತಿಯನ್ನು ಕೇಳುತ್ತಾನೆ. ಸೇನಾಪತಿಗೆ ಇದು ಸುಲಭದ ಪ್ರಶ್ನೆ: ಓಡಿಹೋಗದೆ ಸಾಲಿನಲ್ಲಿ ನಿಂತು ಕಾದುವವನೇ ಧೀರ. ಹಾಗಾದರೆ ಹಿಂದಕ್ಕೆ ಸರಿಯುತ್ತಲೇ ಬಾಣ ಬಿಡುವ ಕುದುರೆ ಸವಾರರು ಹೇಡಿಗಳೋ? ರೋಗವನ್ನು, ಬಡತನವನ್ನು ಎದುರಿಸುವವರಿಗೆ ಧೈರ್ಯವಿಲ್ಲವೋ? ಹೀಗೆ ಒಂದೊಂದೇ ಹೆಜ್ಜೆಗೆ ಸೇನಾಪತಿ ತನಗೆ ಚೆನ್ನಾಗಿ ಗೊತ್ತು ಎಂದುಕೊಂಡದ್ದು ಗೊತ್ತಿಲ್ಲ ಎಂಬಲ್ಲಿಗೆ ಬರುತ್ತಾನೆ. ಸಂವಾದ ಉತ್ತರ ಸಿಗದೆಯೇ ಮುಗಿಯುತ್ತದೆ. ಪರೀಕ್ಷೆಯ ಟಿಪ್ಪಣಿಯಲ್ಲಿ ಇದಕ್ಕೆ ‘ಸಾಕ್ರಟೀಸನ ವಿಧಾನ’ ಎಂದು ಎರಡು ಸಾಲು ಇರುತ್ತದೆ. ಆ ಎರಡು ಸಾಲು ಓದಿದವನು ಅಡುಗೆಯ ಪಟ್ಟಿ ಓದಿದವನು, ಊಟ ಮಾಡಿದವನಲ್ಲ.

ಈಗ ಮತ್ತೆ ನಮ್ಮ ಬೀದಿಗೆ ಬರೋಣ. ಇಲ್ಲಿಯ ಬಟ್ಟೆಯಂಗಡಿಗಳಲ್ಲಿ ಅಳತೆಯ ಕೋಲು ಇರುತ್ತದಲ್ಲ, ಅಂಥ ನೇರವಾದ ಕೋಲಿಗೆ ಗ್ರೀಕಿನಲ್ಲಿ ‘ಕನೋನ್’ ಎನ್ನುತ್ತಿದ್ದರು. ಕೋಲಿನಿಂದ ಅಳತೆ, ಅಳತೆಯಿಂದ ನಿಯಮ ಎಂದು ಅರ್ಥ ಬೆಳೆಯಿತು. ಯಾವುದು ನಿಜವಾದ ಜ್ಞಾನ ಎಂದು ಅಳೆಯುವ ಬಗೆಯನ್ನು ಕುರಿತು ಎಪಿಕ್ಯೂರಸ್ ಬರೆದ ಗ್ರಂಥಕ್ಕೆ ಇದೇ ಹೆಸರು. ಈ ಪದ ಅರಬ್ಬಿಗೆ ಹೋಗಿ ‘ಕಾನೂನ್’ ಆಯಿತು. ಇಬ್ನ್ ಸೀನಾ (980–1037) ತನ್ನ ವೈದ್ಯಗ್ರಂಥಕ್ಕೆ ಅದನ್ನೇ ಹೆಸರಾಗಿಟ್ಟ. ಪಾರಸಿ, ಉರ್ದುಗಳ ಹಾದಿಯಲ್ಲಿ ಅದು ನಮ್ಮ ಕಚೇರಿಗೂ ಬಂತು. ನಾವು ‘ಕಾನೂನು’ ಎಂದಾಗಲೆಲ್ಲ ಒಂದು ಗ್ರೀಕ್ ಕೋಲನ್ನು ಕೈಯಲ್ಲಿ ಹಿಡಿದಿರುತ್ತೇವೆ. ಉತ್ತರ ಕರ್ನಾಟಕದವರು ಆರೋಗ್ಯ ವಿಚಾರಿಸುವಾಗ ಬಳಸುವ ‘ತಬಿಯತ್ತು’ ಕೂಡ ಇದೇ ಬಳಗದ್ದು. ಪ್ರಕೃತಿ ಎಂಬ ಅರ್ಥದ ಗ್ರೀಕ್ ಪದ ‘ಫ್ಯೂಸಿಸ್’ ಅನ್ನು ಅರಬ್ಬಿ ಅನುವಾದಕರು ‘ತಬೀಅ’ ಎಂದು ಕರೆದರು. ತಬಿಯತ್ತು ಅದೇ ಧಾತುವಿನಿಂದ ಬಂದ ಮಾತು.

ಶಿವಾಜಿನಗರದ ಕಡೆ ನಡೆದರೆ ‘ಯುನಾನಿ’ ಎಂಬ ಫಲಕಗಳು ಕಾಣುತ್ತವೆ. ಯುನಾನಿ ಎಂದರೆ ಗ್ರೀಕ್ ಎಂದೇ ಅರ್ಥ. ಆ ಪದ ಬಂದದ್ದು ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಅಯೋನಿಯಾ ಎಂಬ ಪ್ರದೇಶದ ಹೆಸರಿನಿಂದ. ನಮ್ಮ ಸಂಸ್ಕೃತದ ‘ಯವನ’ ಕೂಡ ಅಲ್ಲಿಯದೇ. ಥೇಲೀಸ್ ಬಾಳಿದ ಮಿಲೆಟಸ್ ಪಟ್ಟಣ ಇದ್ದದ್ದು ಆ ಕರಾವಳಿಯಲ್ಲಿ. ಎಂದರೆ ಗ್ರೀಕ್ ತತ್ತ್ವಶಾಸ್ತ್ರ ಹುಟ್ಟಿದ ಊರಿನ ವಿಳಾಸ ನಮ್ಮ ದಂಡಿನ ಬೀದಿಯ ಔಷಧಿಯಂಗಡಿಯ ಫಲಕದ ಮೇಲಿದೆ!

ಹೆಸರಷ್ಟೇ ಅಲ್ಲ. ಯುನಾನಿ ವೈದ್ಯಪದವಿಯ ವಿದ್ಯಾರ್ಥಿಗಳು ಮೊದಲು ಕಲಿಯುವ ಮೂಲತತ್ತ್ವಗಳ ಪಾಠದಲ್ಲಿ ಭೂಮಿ, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ‘ಅರ್ಕಾನ್’ಗಳಿವೆ. ಇವು ಎಂಪೆಡಾಕ್ಲೀಸನವು. ಬಿಸಿ, ತಂಪು, ಒದ್ದೆ, ಒಣ ಎಂಬ ಗುಣಗಳಿವೆ. ಇವು ಅರಿಸ್ಟಾಟಲನವು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಿದ್ಧಾಂತ ಹಿಪ್ಪೊಕ್ರಾಟೀಸ್ ಮತ್ತು ಗೇಲನ್ ಪರಂಪರೆಯದು. ಇದರ ಜೊತೆಗೆ ‘ಮಂತಿಕ್’ ಮತ್ತು ‘ಫಲ್ಸಫಾ’, ಅಂದರೆ ತರ್ಕ ಮತ್ತು ತತ್ತ್ವಶಾಸ್ತ್ರಕ್ಕೂ ಬಹುಕಾಲ ಈ ಪಠ್ಯದಲ್ಲಿ ಸ್ಥಾನವಿತ್ತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ 2004ರಿಂದ ಸ್ನಾತಕೋತ್ತರ ಶಿಕ್ಷಣವೂ ನಡೆದಿದೆ. ನಾಲ್ಕು ರಸಗಳನ್ನು ಇಂದಿನ ಶರೀರವಿಜ್ಞಾನ ಒಪ್ಪುವುದಿಲ್ಲ. ಆ ಚರ್ಚೆ ಬೇರೆ. ನಾನು ಹೇಳುವುದು ಇಷ್ಟೇ: ಅಲ್ಲಿ ಅರಸ್ತು ಎಂದರೆ ಅರಿಸ್ಟಾಟಲ್, ಅಫ್ಲಾತೂನ್ ಎಂದರೆ ಪ್ಲೇಟೋ, ಸುಕ್ರಾತ್ ಎಂದರೆ ಸಾಕ್ರಟೀಸ್. ಜಂಬದ ಬುದ್ಧಿವಂತನನ್ನು ಬೀದಿಯಲ್ಲಿ ‘ದೊಡ್ಡ ಅಫ್ಲಾತೂನ್’ ಎಂದು ಗೇಲಿ ಮಾಡುವವರು ತಿಳಿಯದೆಯೇ ಪ್ಲೇಟೋನ ಹೆಸರು ಹೇಳುತ್ತಿರುತ್ತಾರೆ.

ಈ ಹೆಸರುಗಳು ಇಲ್ಲಿಯವರೆಗೆ ಬಂದದ್ದು ಅನುವಾದಕರ ಶ್ರಮದಿಂದ. 9ನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ (809–873) ಗೇಲನ್ನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಅವನ ಮಗ ಅರಿಸ್ಟಾಟಲನನ್ನು ತಂದ. ಆ ತಂದೆ ಮಕ್ಕಳು ಕ್ರೈಸ್ತರು, ಬರೆಸಿದವರಲ್ಲಿ ಮುಸ್ಲಿಮರು, ಬರೆದವರು ‘ಪೇಗನ್’ ಗ್ರೀಕರು. ಗ್ರೀಕಿನ ‘ಲೋಗೋಸ್’ಗೆ ಮಾತು ಎಂದೂ ಅರ್ಥವಿದೆ, ವಿವೇಕ ಎಂದೂ ಇದೆ. ಅರಬ್ಬಿಯವರು ತರ್ಕಶಾಸ್ತ್ರಕ್ಕೆ ಹೆಸರಿಡುವಾಗ ಮಾತು ಎಂಬ ಅರ್ಥದ ‘ನುತ್ಕ್’ ಎಂಬುದನ್ನೇ ಹಿಡಿದು ‘ಮಂತಿಕ್’ ಎಂದರು. ಮಾತಿಗೂ ವಿಚಾರಕ್ಕೂ ಇರುವ ನಂಟನ್ನು ಬಿಟ್ಟುಕೊಡದ ಅನುವಾದ ಅದು.

ಕರ್ನಾಟಕಕ್ಕೆ ಗ್ರೀಕ್ ತತ್ತ್ವಶಾಸ್ತ್ರ ಬಂದ ಎರಡನೆಯ ದಾರಿ ಇಂಗ್ಲಿಷಿನದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎ.ಆರ್. ವಾಡಿಯಾ ಅಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಅಲ್ಲಿಯೇ ಪಾಠ ಹೇಳಿದರು. ಎಂ. ಹಿರಿಯಣ್ಣನವರು ಅಲ್ಲಿ ಹಲವು ವರ್ಷ ಮಾಡಿದ ಉಪನ್ಯಾಸಗಳು ಭಾರತೀಯ ದರ್ಶನಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವಾಗಿ 1932ರಲ್ಲಿ ಪ್ರಕಟವಾದವು. ಪ್ಲೇಟೋ ಮತ್ತು ಶಂಕರ ಒಂದೇ ಕಟ್ಟಡದ ಅಕ್ಕಪಕ್ಕದ ಕೊಠಡಿಗಳಲ್ಲಿದ್ದ ಕಾಲ ಅದು. ಅದೇ ಕಾಲದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ಅಯಾಸನನ್ನು ಮಹಾಭಾರತದೊಳಕ್ಕೆ ಕರೆತಂದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಎ.ಎನ್. ಮೂರ್ತಿರಾಯರ ‘ಸಾಕ್ರಟೀಸನ ಕೊನೆಯ ದಿನಗಳು’ ಎಂಬ ಅನುವಾದವೂ ಕನ್ನಡಕ್ಕೆ ಬಂತು.

ಮೂರನೆಯ ದಾರಿ ಇನ್ನೂ ಹತ್ತಿರದ್ದು. ಇಲ್ಲಿಂದ ದೂರವೇನಿಲ್ಲದ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ. ಬೈಬಲಿನ ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್ ಆದ್ದರಿಂದ ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಅಲ್ಲಿ ಆ ಭಾಷೆಯನ್ನು ಅಕ್ಷರದಿಂದ ಕಲಿಯುತ್ತಾರೆ. ಯೋಹಾನನ ಸುವಾರ್ತೆಯ ಮೊದಲ ವಾಕ್ಯದಲ್ಲೇ ಅವರಿಗೆ ‘ಲೋಗೋಸ್’ ಎದುರಾಗುತ್ತದೆ. ಅದು ಅದಕ್ಕೂ ಸುಮಾರು ಆರು ಶತಮಾನಗಳ ಹಿಂದೆ ಹೆರಾಕ್ಲಿಟಸ್ ಬಳಸಿದ ಪದ.

ನನ್ನನ್ನು ಕಾಡುವ ಸಂಗತಿ ಇಲ್ಲಿದೆ. ಒಂದೇ ನಗರದಲ್ಲಿ ಮೂರು ದಾರಿಗಳು. ಅವು ಒಂದನ್ನೊಂದು ಕೂಡುವುದೇ ಇಲ್ಲ. ಕಲಾ ಕಾಲೇಜಿನ ವಿದ್ಯಾರ್ಥಿಗೆ ಅರಿಸ್ಟಾಟಲ್ ‘ಪಾಶ್ಚಾತ್ಯ’. ಯುನಾನಿ ವಿದ್ಯಾರ್ಥಿಗೆ ಅವನು ‘ನಮ್ಮ ಹಕೀಮರ’ ಪರಂಪರೆಯವನು. ಧರ್ಮಶಾಸ್ತ್ರದ ವಿದ್ಯಾರ್ಥಿಗೆ ಅವನು ದೇವತಾಶಾಸ್ತ್ರದ ಮೆಟ್ಟಿಲು. ಮೂವರೂ ಒಂದೇ ಬಸ್ಸಿನಲ್ಲಿ ಶಿವಾಜಿನಗರದಲ್ಲಿ ಇಳಿಯಬಹುದು. ತಾವು ಒಬ್ಬನನ್ನೇ ಓದುತ್ತಿದ್ದೇವೆ ಎಂದು ಅವರಿಗೆ ತಿಳಿಯುವುದಿಲ್ಲ. ಜ್ಞಾನವನ್ನು ಪೂರ್ವ ಪಶ್ಚಿಮ ಎಂದು, ನಮ್ಮದು ಅವರದು ಎಂದು ಪಾಲು ಮಾಡಿ ಜಗಳವಾಡುವ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. ಗ್ರೀಕರ ವಿಚಾರ ಯಾವ ಒಂದು ಮತದ, ಒಂದು ಖಂಡದ ಸ್ವತ್ತೂ ಆಗಿ ಉಳಿಯಲಿಲ್ಲ. ಕೈಯಿಂದ ಕೈಗೆ ದಾಟಿದ್ದರಿಂದಲೇ ಅದು ಬದುಕಿತು.

ಹಾಗೆಂದು ಗ್ರೀಕರನ್ನು ಪೂಜಿಸಬೇಕಾಗಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಅರಿಸ್ಟಾಟಲ್ ವಾದಿಸಿದ. ಹುಟ್ಟಿನಿಂದ ಮೇಲು ಕೀಳು ಎಂಬ ಮಾತನ್ನು ಸಾಕಷ್ಟು ಕೇಳಿರುವ ನಮಗೆ ಇದು ಹೊಸದಲ್ಲ. ಆ ಪುಟವನ್ನು ಹಾರಿಸದೆ ಓದಿ. ಅವನ ತರ್ಕದಿಂದಲೇ ಅವನ ವಾದವನ್ನು ಅಳೆಯಿರಿ. ಗುರುವಿನ ಕೋಲಿನಿಂದ ಗುರುವನ್ನೇ ಅಳೆಯಲು ಕಲಿಸುವ ವಿದ್ಯೆ ಇದು. ಅರಿಸ್ಟಾಟಲನೂ ಪ್ಲೇಟೋನ ಬಳಿ ಇಪ್ಪತ್ತು ವರ್ಷ ಇದ್ದು, ಕೊನೆಗೆ ಮಾಡಿದ್ದು ಇದನ್ನೇ.

ಕೆಲಸ ಸಿಗುತ್ತದೆಯೇ ಎಂದು ನಿಮ್ಮ ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ತತ್ತ್ವಶಾಸ್ತ್ರದ ಪದವಿ ನೇರವಾಗಿ ಉದ್ಯೋಗ ಕೊಡುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಆದರೆ 2025ರಲ್ಲಿ ನಮ್ಮನ್ನಗಲಿದ ಎಸ್.ಎಲ್. ಭೈರಪ್ಪನವರನ್ನು ನೆನೆಯಿರಿ. ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಹುಡುಗ, ಸಾವು ಎಂದರೇನು ಎಂಬ ಪ್ರಶ್ನೆ ಹೊತ್ತು ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಲು ಹೋದರು. ಸಾಕ್ರಟೀಸನೂ ಕ್ರಿ.ಪೂ. 399ರಲ್ಲಿ ವಿಷದ ಬಟ್ಟಲು ಕುಡಿಯುವ ದಿನ ಗೆಳೆಯರೊಡನೆ ಚರ್ಚಿಸಿದ್ದು ಆ ಪ್ರಶ್ನೆಯನ್ನೇ ಎಂದು ಪ್ಲೇಟೋ ಬರೆಯುತ್ತಾನೆ. ಪ್ರಶ್ನೆ ಇದ್ದವರಿಗೆ ಈ ಓದು ಅನ್ನದಷ್ಟೇ ಅಗತ್ಯ. ಪ್ರಶ್ನೆ ಇಲ್ಲದವರಿಗೆ ಅದು ಬರೀ ಇನ್ನೊಂದು ಪತ್ರಿಕೆ.

ಕೊನೆಯದಾಗಿ ಮೂರು ಸಲಹೆ. ಟಿಪ್ಪಣಿಗೆ ಮೊದಲು ಒಂದು ಸಂವಾದವನ್ನು, ಚಿಕ್ಕದಾದರೂ ಸರಿ, ಪೂರ್ತಿಯಾಗಿ ಗಟ್ಟಿಯಾಗಿ ಓದಿ. ಇಬ್ಬರು ಗೆಳೆಯರು ಪಾತ್ರ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಎರಡನೆಯದಾಗಿ, ಓದಿದ್ದನ್ನು ಪಾರಿಭಾಷಿಕ ಪದಗಳಿಲ್ಲದೆ ನಿಮ್ಮ ಮನೆಮಾತಿನಲ್ಲಿ ಮನೆಯವರಿಗೆ ಹೇಳಿ ನೋಡಿ. ಹೇಳಲಾಗದಿದ್ದರೆ ನಿಮಗದು ಅರ್ಥವಾಗಿಲ್ಲ. ಮೂರನೆಯದಾಗಿ, ನಿಮ್ಮಲ್ಲಿ ಒಬ್ಬರಾದರೂ ಗ್ರೀಕ್ ಭಾಷೆ ಕಲಿಯಿರಿ. ಕಲಿಸುವವರು ಈ ಊರಿನಲ್ಲೇ ಇದ್ದಾರೆ. ಹುನೈನ್ ಅರಬ್ಬಿಗೆ ಮಾಡಿದ ಕೆಲಸವನ್ನು ಕನ್ನಡಕ್ಕೂ ಮಾಡುವವರು ಬೇಕು.

ಸಭೆ ಮುಗಿದ ಮೇಲೆ ನೀವು ಮತ್ತೆ ಅದೇ ಬೀದಿಯಲ್ಲಿ ನಡೆದುಹೋಗುತ್ತೀರಿ. ‘ಏನು ಬೇಕು?’ ಎಂದು ಕೇಳುತ್ತಾರೆ. ಬೇಕಾದದ್ದನ್ನು ಚೌಕಾಸಿ ಮಾಡಿ ಕೊಂಡುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಮನೆಗೆ ಹೋದ ಮೇಲೆ ಅದೇ ಪ್ರಶ್ನೆಯನ್ನು ಒಮ್ಮೆ ನಿಮಗೆ ನೀವೇ ಕೇಳಿಕೊಳ್ಳಿ.