ಎರಡು ಔನ್ಸ್ ಮಣ್ಣು ಕಳೆದ ಮರ

ಈ ಉಪನ್ಯಾಸದ ಆಹ್ವಾನಪತ್ರದಲ್ಲಿ ‘ದ್ರವ್ಯರಾಶಿ ಸಮತೋಲನ’ ಎಂದು ಅಚ್ಚಾಗಿದೆ. ಕಾರ್ಖಾನೆಗಳಲ್ಲಿ ಮಾಸ್ ಬ್ಯಾಲೆನ್ಸ್ ಎನ್ನುತ್ತಾರೆ. ಹೆಸರು ಭಾರ, ಲೆಕ್ಕ ಹಗುರ: ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದರೆ ಮಿಕ್ಕದ್ದು ಒಳಗೇ ಇರಬೇಕು. ತೊಡಕಿರುವುದು ಕಳೆಯುವುದರಲ್ಲಲ್ಲ, ‘ಒಳಗೆ’ ಎಂದರೆ ಎಲ್ಲಿಯವರೆಗೆ ಎಂದು ಗೆರೆ ಎಳೆಯುವುದರಲ್ಲಿ.

ಅದಕ್ಕೊಂದು ಉದಾಹರಣೆ: ಹದಿನೇಳನೆಯ ಶತಮಾನದ ವ್ಯಾನ್ ಹೆಲ್ಮಾಂಟ್ ಬ್ರಸೆಲ್ಸ್ ಕಡೆಯ ವೈದ್ಯ. ಒಣಗಿಸಿದ 200 ಪೌಂಡ್ ಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, 5 ಪೌಂಡಿನ ವಿಲೋ ಗಿಡ ನೆಟ್ಟ. ಧೂಳು ಬೀಳದಂತೆ ತಗಡು ಮುಚ್ಚಿ, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತ್ತು. ಮಣ್ಣು ಕಳೆದುಕೊಂಡಿದ್ದು ಸುಮಾರು ಎರಡು ಔನ್ಸ್ ಮಾತ್ರ. ನೀರೇ ಮರವಾಯಿತು ಎಂದು ಆತ ತೀರ್ಮಾನಿಸಿದ. ತಕ್ಕಡಿ ಸುಳ್ಳು ಹೇಳಿರಲಿಲ್ಲ, ಗಾಳಿ ಲೆಕ್ಕದಿಂದ ಹೊರಗಿತ್ತು, ಅಷ್ಟೆ. ಎಲೆ ಹೀರಿದ ಇಂಗಾಲದ ಡೈಆಕ್ಸೈಡ್ ಯಾವ ಖಾತೆಗೂ ಬೀಳಲಿಲ್ಲ. ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದವನ್ನು ಹುಟ್ಟುಹಾಕಿದವನೂ, ಉರಿಯುವ ಇದ್ದಿಲಿನಿಂದ ಅದೇ ಅನಿಲ ಹೊರಡುವುದನ್ನು ಗುರುತಿಸಿದವನೂ ಇವನೇ!

ಮುಂದೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೇ ಪಾತ್ರೆಯ ಬಾಯಿ ಮುಚ್ಚಿ ಗಾಳಿಯನ್ನೂ ತೂಗಿದ. 1789ರ ಅವನ ಗ್ರಂಥದಿಂದೀಚೆಗೆ ರಸಾಯನಶಾಸ್ತ್ರಕ್ಕೆ ಈ ಲೆಕ್ಕವೇ ಅಡಿಪಾಯ.

ಈ ಲೆಕ್ಕ ಹೇಗೆಂದು ನಮ್ಮ ಸಕ್ಕರೆ ಕಾರ್ಖಾನೆಗಳ ಕೆಮಿಸ್ಟರನ್ನು ಕೇಳಿ. ಕಬ್ಬಿನೊಡನೆ ಬಂದ ಸಕ್ಕರೆ ಇಷ್ಟು. ಚೀಲಕ್ಕೆ ಹೋದದ್ದು, ಸಿಪ್ಪೆಯಲ್ಲಿ, ರಸ ಸೋಸಿದ ಗಸಿಯಾದ ಪ್ರೆಸ್‌ಮಡ್ಡಿನಲ್ಲಿ, ಕಾಕಂಬಿಯಲ್ಲಿ ಉಳಿದದ್ದು ಇಷ್ಟಿಷ್ಟು. ಎಲ್ಲ ಕೂಡಿಸಿದರೂ ಚೂರು ಕಡಿಮೆ ಬೀಳುತ್ತದೆ. ಅದನ್ನು ‘ಅನ್‌ನೋನ್ ಲಾಸ್’ ಎಂದು ಬರೆಯುತ್ತಾರೆ. ರಸ ಹುಳಿತಿರಬಹುದು, ಆವಿಯ ಜೊತೆ ಹನಿಗಳು ಹಾರಿರಬಹುದು, ಎಲ್ಲೋ ಪಂಪು ಸೋರಿರಬಹುದು, ಕಬ್ಬಿನ ಮಾದರಿಯನ್ನೇ ತಪ್ಪಾಗಿ ತೆಗೆದಿರಬಹುದು. ಇಡೀ ವರದಿಯಲ್ಲಿ ಓದಲೇಬೇಕಾದ ಸಾಲು ಅದೊಂದೇ ಎಂದು ನನ್ನ ಅನಿಸಿಕೆ.

ಕೆಮಿಸ್ಟರಿಗೆ ಲೆಕ್ಕ ಸರಿಹೊಂದಬೇಕು. ಹಿಮನದಿಗಳನ್ನು ಅಳೆಯುವವರಿಗೆ ಮಿಕ್ಕ ಅಂಕಿಯೇ ಸುದ್ದಿ. ಮಾಸ್ ಬ್ಯಾಲೆನ್ಸ್ ಎಂದು ಅವರು ಕರೆಯುವುದೇ ಅದನ್ನು. ಹಿಮಾಚಲದ ಲಾಹೌಲ್-ಸ್ಪಿತಿಯ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಈ ಅಳತೆ ನಡೆದಿದೆ. ಕೆಳಭಾಗದ ಮಂಜುಗಡ್ಡೆಯಲ್ಲಿ ಬಿದಿರಿನ ಗಳು ನೆಟ್ಟು ಎಷ್ಟು ಕರಗಿತೆಂದು ನೋಡುತ್ತಾರೆ, ಮೇಲ್ಭಾಗದಲ್ಲಿ ಗುಂಡಿ ತೋಡಿ ಎಷ್ಟು ಹಿಮ ಸೇರಿತೆಂದು ತೂಗುತ್ತಾರೆ. ಒಟ್ಟಾರೆ ಜಮೆಗಿಂತ ಖರ್ಚೇ ಹೆಚ್ಚು.

  

ನನಗೆ ತಕರಾರಿರುವುದು ಪ್ಲಾಸ್ಟಿಕ್ ಉದ್ಯಮ ಈ ಹೆಸರನ್ನು ಬಳಸುವ ರೀತಿಯ ಬಗ್ಗೆ. 90 ಟನ್ ಪೆಟ್ರೋಲಿಯಂ ಕಚ್ಚಾಮಾಲಿಗೆ ಹಳೆ ಪ್ಲಾಸ್ಟಿಕ್ಕಿನಿಂದ ತೆಗೆದ 10 ಟನ್ ಎಣ್ಣೆ ಬೆರೆಸಿದರು ಎನ್ನಿ. ಒಳಗೆ ಹೋದಮೇಲೆ ಯಾವ ಅಣು ಯಾವುದೆಂದು ಯಾರಿಗೂ ತಿಳಿಯದು. ಆಗ ಆ ಹತ್ತರ ಪಾಲನ್ನೆಲ್ಲ ಕಾಗದದ ಮೇಲೆ ಒಂದೇ ಸರಕಿನ ಹೆಸರಿಗೆ ಬರೆದು, ‘ಮರುಬಳಕೆಯದು’ ಎಂಬ ಚೀಟಿ ಹಚ್ಚಿ ಮಾರಲು ಸಾಧ್ಯ. ಒಟ್ಟು ಲೆಕ್ಕ ತಪ್ಪಿರುವುದಿಲ್ಲ; ಕೊಂಡವನ ಕೈಯಲ್ಲಿರುವ ಡಬ್ಬಿಯಲ್ಲಿ ಹಳೆಯದರ ಚೂರೂ ಇಲ್ಲದಿರಬಹುದು. ಅಂಥ ಚೀಟಿ ಕಂಡರೆ ಉಳಿದ ತೊಂಬತ್ತು ಟನ್ ಯಾರ ಖಾತೆಗೆ ಹೋಯಿತೆಂದು ದಯವಿಟ್ಟು ಕೇಳಿ.