ಒಂದೇ ಬಣ್ಣದ ವಿಮಾನ, ಬೇರೆ ಬೇರೆ ಪಟ್ಟಿ



ಕಾರ್ಮಿಕರ ಒಗ್ಗಟ್ಟಿನ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಗಿರಣಿ, ಗಾರ್ಮೆಂಟ್ಸ್ ಬಿಟ್ಟು ನಾನು ಅಮೆರಿಕದ ಪ್ರಾದೇಶಿಕ ವಿಮಾನ ಸಂಸ್ಥೆಗಳ ಪೈಲಟ್‌ಗಳನ್ನು ಎತ್ತಿಕೊಂಡಿದ್ದೇನೆ. ಕೈತುಂಬ ಸಂಬಳದವರಿಗೂ ಈ ಸಂಕಿರಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. 2009ರ ಫೆಬ್ರುವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು: ಸಹಪೈಲಟ್‌ಗೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 16,000 ಡಾಲರ್. ಆಕೆ ಹಿಂದಿನ ರಾತ್ರಿ ದೇಶದ ಆ ತುದಿಯಿಂದ ಈ ತುದಿಗೆ ಬೇರೆ ವಿಮಾನಗಳಲ್ಲಿ ಬಂದು ಡ್ಯೂಟಿಗೆ ಹಾಜರಾಗಿದ್ದರು. ಅಪಘಾತಕ್ಕೆ ಸಂಬಳವೇ ಕಾರಣವೆಂದು ನಾನು ಹೇಳುತ್ತಿಲ್ಲ. ತನಿಖೆ ಬೊಟ್ಟು ಮಾಡಿದ್ದು ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯತ್ತ. ಆದರೆ ಪ್ರಯಾಣಿಕರು ಕೊಂಡಿದ್ದ ಟಿಕೆಟ್ ಕಾಂಟಿನೆಂಟಲ್ ಎಂಬ ದೊಡ್ಡ ಸಂಸ್ಥೆಯ ಹೆಸರಿನದು ಎಂಬುದನ್ನು ಮಾತ್ರ ನೆನಪಿಡಿ.

ವ್ಯವಸ್ಥೆ ಇರುವುದೇ ಹಾಗೆ. ಡೆಲ್ಟಾ, ಯುನೈಟೆಡ್, ಅಮೆರಿಕನ್‌ನಂಥ ದೊಡ್ಡ ಸಂಸ್ಥೆಗಳು ಸಣ್ಣ ಊರುಗಳ ಹಾರಾಟವನ್ನು ಗುತ್ತಿಗೆಗೆ ಕೊಡುತ್ತವೆ. ವಿಮಾನದ ಬಣ್ಣ ಅವರದು, ಟಿಕೆಟ್ ಅವರದು, ಪೈಲಟ್ ಮಾತ್ರ ಇನ್ನೊಬ್ಬರ ನೌಕರ. ಕೆಲಸವೆಲ್ಲ ಹೀಗೆ ಸೋರಿಹೋಗಬಾರದೆಂದು ದೊಡ್ಡ ಸಂಸ್ಥೆಗಳ ಪೈಲಟ್‌ಗಳು ತಮ್ಮ ಒಪ್ಪಂದದಲ್ಲಿ 'ಸ್ಕೋಪ್' ಎಂಬ ಷರತ್ತು ಹಾಕಿಸಿದರು: ಇಷ್ಟು ಸೀಟಿಗಿಂತ ದೊಡ್ಡ ವಿಮಾನವನ್ನು ಗುತ್ತಿಗೆಯವರು ಹಾರಿಸಕೂಡದು. ಮಿತಿ 50 ಸೀಟು ಇದ್ದದ್ದು 70ಕ್ಕೆ, 76ಕ್ಕೆ ಏರಿತು. ತಮಾಷೆಯೆಂದರೆ, ಗೋಡೆ ಕಟ್ಟಿಸಿದವರಲ್ಲಿ ಬಹಳ ಮಂದಿಯೂ ಗೋಡೆಯಾಚೆ ಇರುವವರಲ್ಲಿ ಬಹಳ ಮಂದಿಯೂ ಚಂದಾ ಕಟ್ಟುವುದು ಒಂದೇ ಸಂಘಕ್ಕೆ, 1931ರಲ್ಲಿ ಹುಟ್ಟಿದ ಅಲ್ಪಾಕ್ಕೆ.

ಇನ್ನು ಸೀನಿಯಾರಿಟಿ. ಯಾವ ಊರಿನಲ್ಲಿ ನೆಲೆ, ಯಾವ ವಿಮಾನ, ಕ್ರಿಸ್ಮಸ್‌ಗೆ ರಜೆ ಯಾರಿಗೆ, ಕ್ಯಾಪ್ಟನ್ ಆಗುವುದು ಯಾವಾಗ, ಕಷ್ಟ ಬಂದರೆ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವನ್ನೂ ತೀರ್ಮಾನಿಸುವುದು ಪಟ್ಟಿಯಲ್ಲಿನ ನಂಬರ್. ಒಳಗೆ ಇದು ನ್ಯಾಯವಾದ ಏರ್ಪಾಡೇ. ಮೇಲಧಿಕಾರಿಯ ಹಿಂದೆ ಅಲೆಯಬೇಕಿಲ್ಲ. ಆದರೆ ಪಟ್ಟಿ ಕಂಪನಿಯ ಗೇಟಿನಾಚೆ ನಡೆಯುವುದಿಲ್ಲ. ಇಪ್ಪತ್ತು ವರ್ಷದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ ಕೊನೆಯ ನಂಬರಿನಿಂದ ಶುರು. ಹಾಗಾಗಿ ತನ್ನ ಕಂಪನಿಗೆ ವಿಮಾನ ಬರಲಿ, ಪಕ್ಕದವರಿಗೆ ಬೇಡ ಎಂದು ಬಯಸುವುದು ಅವನ ಸ್ವಭಾವದ ದೋಷವಲ್ಲ, ಹೊಟ್ಟೆಪಾಡು.

ಯಜಮಾನರಿಗೆ ಇದು ಚೆನ್ನಾಗಿ ಗೊತ್ತು. ಪಿಎಸ್‌ಎ, ಎನ್ವಾಯ್ ಎಂಬ ಎರಡು ಪ್ರಾದೇಶಿಕ ಸಂಸ್ಥೆಗಳೂ ಅಮೆರಿಕನ್ ಸಮೂಹದವೇ. 2013ರಲ್ಲಿ ಪಿಎಸ್‌ಎ ಪೈಲಟ್‌ಗಳು ಸಂಬಳದಲ್ಲಿ ರಿಯಾಯಿತಿ ಕೊಟ್ಟರು. 30 ಹೊಸ ಜೆಟ್‌ಗಳು ಅವರ ಪಾಲಾದವು. 2014ರ ಮಾರ್ಚ್‌ನಲ್ಲಿ ಎನ್ವಾಯ್‌ನವರು ಅಂಥದೇ ಒಪ್ಪಂದವನ್ನು ಸುಮಾರು ಶೇ. 70ರಷ್ಟು ಮತದಿಂದ ತಿರಸ್ಕರಿಸಿದರು. ಆ ಮತದ ದಿಟ್ಟತನ ನನಗೆ ಮೆಚ್ಚುಗೆ. ಆದರೆ ಕೆಲವು ತಿಂಗಳು ಕಳೆದ ಮೇಲೆ ಅವರೂ ಹೊಸ ವಿಮಾನದ ಭರವಸೆಗೆ ತಲೆಬಾಗಿದರು. ಇಬ್ಬರ ನಡುವಿನ ಈ ಹರಾಜಿನಲ್ಲಿ ಕೂಗುವವನು ಒಬ್ಬನೇ ಇದ್ದ.

ಪೈಲಟ್‌ಗಳ ಸಿಟ್ಟು ಯಾರ ಮೇಲೆ ತಿರುಗಿತು ಎಂಬುದನ್ನು ಮನಶ್ಶಾಸ್ತ್ರದವರು ಗಮನಿಸಬೇಕು. ಟ್ರಾನ್ಸ್ ಸ್ಟೇಟ್ಸ್ ಎಂಬ ಪ್ರಾದೇಶಿಕ ಸಂಸ್ಥೆಯ ಮಾಲೀಕರು ದೊಡ್ಡ ಸಂಸ್ಥೆಯೊಂದರ ಸ್ಕೋಪ್ ಕಟ್ಟಳೆಯನ್ನು ತಪ್ಪಿಸಿ ದೊಡ್ಡ ಜೆಟ್ ಹಾರಿಸಲು ಗೋಜೆಟ್ ಎಂಬ ಹೊಸ ಕಂಪನಿ ತೆರೆದು 2005ರಲ್ಲಿ ಹಾರಾಟ ಶುರುಮಾಡಿದರು. ಪಟ್ಟಿ ಬೇರೆ, ಪೈಲಟ್‌ಗಳು ಬೇರೆ. ಮನೆಗೆ ಹೋಗಿಬರಲು ಪೈಲಟ್‌ಗಳು ಕಾಕ್‌ಪಿಟ್ಟಿನ ಮಡಚುವ ಸೀಟನ್ನು ಪರಸ್ಪರ ಕೊಟ್ಟುಕೊಳ್ಳುವುದು ಅಲ್ಲಿನ ರೂಢಿ. ಕೊಡುವುದು, ಬಿಡುವುದು ಕ್ಯಾಪ್ಟನ್ ಕೈಯಲ್ಲಿ. ಗೋಜೆಟ್ ಗುರುತಿನ ಚೀಟಿ ಕಂಡೊಡನೆ ಎಷ್ಟೋ ಕ್ಯಾಪ್ಟನ್‌ಗಳು ಸೀಟು ನಿರಾಕರಿಸಿದರು. ಸಾಲ ಮಾಡಿ ತರಬೇತಿ ಪಡೆದು ಮೊದಲ ಕೆಲಸ ಹಿಡಿದ ಹುಡುಗ ನಿಲ್ದಾಣದಲ್ಲಿ ಉಳಿದ. ಕಂಪನಿ ಕಟ್ಟಿದವರಿಗೆ ಮಡಚುವ ಸೀಟಿನ ಹಂಗೇ ಇರಲಿಲ್ಲ.

ಹೋರಾಡಿ ಗೆದ್ದವರೂ ಇದ್ದರು. ಡೆಲ್ಟಾ ಒಡೆತನದ ಕಾಮ್‌ಏರ್ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು. 2012ರಲ್ಲಿ ಆ ಕಂಪನಿಯೇ ಮುಚ್ಚಿತು. ಎರಡಕ್ಕೂ ನೇರ ಗೆರೆ ಎಳೆಯಬೇಡಿ. ನಡುವೆ ಡೆಲ್ಟಾದ ದಿವಾಳಿ ಇದೆ, ಇಂಧನದ ಬೆಲೆ ಇದೆ. ಆದರೂ ಅಗ್ಗದ ಗುತ್ತಿಗೆದಾರರು ಕಾಯುತ್ತಿದ್ದದ್ದು ಸುಳ್ಳಲ್ಲ.

ಅದು ಆ ದೇಶದ ಕಥೆ ಎನ್ನುವವರಿಗೆ ಏರ್ ಇಂಡಿಯಾವನ್ನು ನೆನಪಿಸುತ್ತೇನೆ. 2007ರಲ್ಲಿ ಅದೂ ಇಂಡಿಯನ್ ಏರ್‌ಲೈನ್ಸೂ ವಿಲೀನವಾದವು. 2012ರಲ್ಲಿ ಹಳೆಯ ಏರ್ ಇಂಡಿಯಾದ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದರು. ಡ್ರೀಮ್‌ಲೈನರ್ ತರಬೇತಿಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಪಾಲು ಕೊಡುವುದು ಅವರ ಮುಖ್ಯ ತಕರಾರಾಗಿತ್ತು.

ಕಡೆಗೆ ಒಂದು ಮುಜುಗರದ ಸಂಗತಿ. 2022ರಲ್ಲಿ ಎನ್ವಾಯ್, ಅದೇ ಸಮೂಹದ ಪೀಡ್‌ಮಾಂಟ್‌ಗಳಲ್ಲಿ ಹೊಸ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಸಿಕ್ಕಿತು. ಅದಕ್ಕೆ ಮುಷ್ಕರ ಬೇಕಾಗಲಿಲ್ಲ. ಬಫಲೋ ದುರಂತದ ನಂತರ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಗಿತ್ತು, ಕೋವಿಡ್‌ನಲ್ಲಿ ಹಿರಿಯರು ಅವಧಿಗೆ ಮುನ್ನ ನಿವೃತ್ತರಾಗಿದ್ದರು, ಪೈಲಟ್‌ಗಳೇ ಸಿಗುತ್ತಿರಲಿಲ್ಲ. ದಶಕಗಳ ಒಗ್ಗಟ್ಟಿನ ಮಾತು ಕೊಡಿಸದ್ದನ್ನು ಅಭಾವ ಕೊಡಿಸಿತು. ಈ ಏರಿಕೆಯಲ್ಲಿ ಸಂಘಕ್ಕೆ ಸಲ್ಲುವ ಪಾಲೆಷ್ಟು ಎಂಬುದನ್ನು ನಾಳೆಯ ಗೋಷ್ಠಿ ಮುಲಾಜಿಲ್ಲದೆ ಚರ್ಚಿಸಲಿ. ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಸೀನಿಯಾರಿಟಿ ಪಟ್ಟಿ ಬೇಕೆಂಬ ಹಳೆಯ ಬೇಡಿಕೆಯೂ ಅಲ್ಲಿ ಬರಲಿ. ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ದೊಡ್ಡ ಸಂಸ್ಥೆಗಳ ಪೈಲಟ್‌ಗಳಿಗೆ: ಆ ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟು ಕೆಳಗಿಳಿದರೆ ಒಪ್ಪುತ್ತೀರಿ?